ಸತ್ತ ಯಂತ್ರದ ಲೋಡ್ 31.97

ಮೊದಲೇ ಹೇಳಿಬಿಡ್ತೀನಿ, ಇವತ್ತಿನದ್ದು ಸ್ವಲ್ಪ ಗಣಕದ ಕೊರೆತ. ಕವಿತೆ, ಚಾರಣದ ಕಥೆ, ಫೋಟೋ ಅಂತ ಬಂದವರು ಬೇಜಾರು ಮಾಡ್ಕೋಬೇಡಿ. ಪೂರ್ತಿ ಓದಿದರೆ ನಡುವೆ ಗೌರಿ ಹಬ್ಬ ಬರುತ್ತೆ, ನಮ್ಮಜ್ಜಿ ಬರ್ತಾಳೆ, ನಾನು ಪೆಚ್ಚಾಗಿ ನಿಂತ ಪ್ರಸಂಗವೂ ಬರುತ್ತೆ. ಆ ಕೊನೆಯದ್ದಕ್ಕಾದರೂ ಓದಿ :)

ನಾನು ಓದಿದ್ದು ಎಲೆಕ್ಟ್ರಾನಿಕ್ಸ್. ಎಲ್ಲರ ಹಾಗೆ ಕೊನೆಗೆ ಬಿದ್ದಿದ್ದು ಸಾಫ್ಟ್‌ವೇರಿಗೆ. ಸದ್ಯ ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯ ಗಣಕಗಳನ್ನು ನೋಡಿಕೊಳ್ಳುವ ಸಣ್ಣ ತಂಡದಲ್ಲಿದ್ದೇನೆ. ಅಲ್ಲೊಂದು ಕ್ಲಸ್ಟರ್ ಇದೆ. ಕ್ಲಸ್ಟರ್ ಅಂದರೆ ಮದುವೆಮನೆಯ ಅಡುಗೆ ಇದ್ದ ಹಾಗೆ. ಸಾವಿರ ಹೋಳಿಗೆಯನ್ನು ಒಬ್ಬನೇ ತಟ್ಟಲಾರ. ಹಿಟ್ಟು ನಾದುವವರು, ಹೂರಣ ತುಂಬುವವರು, ಬೇಯಿಸುವವರು ಅಂತ ಹತ್ತಾರು ಜನ ಕೂತರೆ ಬೆಳಗಾಗುವುದರೊಳಗೆ ಮುಗಿಯುತ್ತದೆ. ಹಾಗೆ ನಮ್ಮಲ್ಲಿ ನಲವತ್ತು ಯಂತ್ರಗಳು ಒಟ್ಟಿಗೆ ಕೂತು ಲೆಕ್ಕ ಮಾಡುತ್ತವೆ. ಮದುವೆಮನೆಯಲ್ಲಿ ಹೆಗಲಿಗೆ ಟವೆಲ್ ಹಾಕಿಕೊಂಡ ಒಬ್ಬರು ಹಿರಿಯರು ಇರ್ತಾರಲ್ಲ, ಒಂದು ಕೆಲಸವನ್ನೂ ಮಾಡದೆ "ಆ ಒಲೆ ಉರೀತಿದ್ಯೇನ್ರೋ, ನೀರು ಬಂತಾ" ಅಂತ ಓಡಾಡಿಕೊಂಡು ಇರುವವರು? ಕ್ಲಸ್ಟರಿಗೂ ಅಂಥವರೊಬ್ಬರು ಬೇಕು. ನಮ್ಮಲ್ಲಿ ಆ ಕೆಲಸ ಮಾಡುವುದು ಗ್ಯಾಂಗ್ಲಿಯಾ ಅನ್ನುವ ತಂತ್ರಾಂಶ.

ಗ್ಯಾಂಗ್ಲಿಯಾ ಅಂದರೆ ನರಗಂಟುಗಳು. ಹುಟ್ಟಿದ್ದು ಅಮೆರಿಕಾದಲ್ಲಿ, ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಿಲೇನಿಯಂ ಅನ್ನುವ ಪ್ರಾಜೆಕ್ಟಿನ ಮಡಿಲಲ್ಲಿ. ಬರೆಯಲು ಶುರು ಮಾಡಿದವರು ಮ್ಯಾಟ್ ಮ್ಯಾಸಿ. 2004ರಲ್ಲಿ ಅವರೂ, ಬ್ರೆಂಟ್ ಚುನ್ ಮತ್ತು ಡೇವಿಡ್ ಕಲ್ಲರ್ ಅವರೂ ಸೇರಿ 'ಪ್ಯಾರಲಲ್ ಕಂಪ್ಯೂಟಿಂಗ್' ಪತ್ರಿಕೆಯಲ್ಲಿ ಇದರ ವಿನ್ಯಾಸದ ಬಗ್ಗೆ ಒಂದು ಪ್ರಬಂಧ ಬರೆದರು. ಒಂದು ಕಾಲಕ್ಕೆ ವಿಕಿಪೀಡಿಯಾದ ಸರ್ವರುಗಳನ್ನೂ ಕಾಯುತ್ತಿದ್ದದ್ದು ಇದೇ. ಈಗ ಎಲ್ಲರೂ ಪ್ರೊಮಿಥಿಯಸ್ ಅಂತಾರೆ, ಗ್ರಫಾನಾ ಅಂತಾರೆ. ನಮ್ಮಲ್ಲಿ ಮಾತ್ರ ಇನ್ನೂ ಗ್ಯಾಂಗ್ಲಿಯಾ. ಕಾರಣ ಕೇಳಿದರೆ ನಮ್ಮ ತಂಡದ ಹಿರಿಯರು ಹೇಳೋದು ಒಂದೇ ಮಾತು, "ನಡದೈತಲ್ಲೋ ತಮ್ಮ, ನಡಿಯೂದನ್ನ ಯಾಕ್ ಮುಟ್ತಿ?" ಅವರು ಧಾರವಾಡದ ಕಡೆಯವರು. ಅವರ ಈ ಮಾತು ಮುಂದೆ ನನ್ನ ತಲೆಗೇ ಬಂದು ಬೀಳುತ್ತದೆ ಅಂತ ಆಗ ಗೊತ್ತಿರಲಿಲ್ಲ.

ಇದು ಕೆಲಸ ಮಾಡುವ ರೀತಿ ನನಗೆ ಬಹಳ ಇಷ್ಟ, ಅದನ್ನು ಹೇಳದೆ ಮುಂದೆ ಹೋಗಲ್ಲ. ಪ್ರತಿ ಯಂತ್ರದಲ್ಲೂ ಜಿಮಾಂಡ್ ಅನ್ನುವ ಒಂದು ಪುಟ್ಟ ಪ್ರೋಗ್ರಾಮ್ ಕೂತಿರುತ್ತದೆ. ಅದು ತನ್ನ ಯಂತ್ರದ ಸ್ಥಿತಿಯನ್ನು ಯಾವುದೋ ದೊಡ್ಡ ಸರ್ವರಿಗೆ ವರದಿ ಒಪ್ಪಿಸುವುದಿಲ್ಲ. ಊರ ಕಟ್ಟೆಯ ಮೇಲೆ ನಿಂತು ಕೂಗುತ್ತದೆ. ಮಲ್ಟಿಕಾಸ್ಟ್ ಅಂತಾರೆ ಇದಕ್ಕೆ, 239.2.11.71 ಅನ್ನುವ ವಿಳಾಸ, 8649 ಅನ್ನುವ ಪೋರ್ಟು. ಎಲ್ಲರೂ ಕೂಗುತ್ತಾರೆ, ಎಲ್ಲರೂ ಕೇಳಿಸಿಕೊಳ್ಳುತ್ತಾರೆ. ಹಾಗಾಗಿ ಯಾವ ಯಂತ್ರವನ್ನು ಕೇಳಿದರೂ ಇಡೀ ಊರಿನ ಸಮಾಚಾರ ಸಿಗುತ್ತದೆ. (ಈ 8649 ಯಾಕೆ ಅಂತ ಗೊತ್ತಾ? ಹಳೇ ನೋಕಿಯಾ ಫೋನಿನ ಗುಂಡಿಗಳ ಮೇಲಿದ್ದ ಅಕ್ಷರ ನೆನಪಿಸಿಕೊಂಡು 8, 6, 4, 9 ಒತ್ತಿ ನೋಡಿ. 'ಯುನಿಕ್ಸ್' ಬರುತ್ತದೆ! ನನಗೆ ಇದು ಹೊಳೆದ ದಿನ ಕಂಡಕಂಡವರಿಗೆಲ್ಲ ಹೇಳಿದ್ದೆ. ಒಬ್ಬರೂ ನಗಲಿಲ್ಲ.)

ಕೂಗುವುದಕ್ಕೂ ಒಂದು ಶಿಸ್ತಿದೆ. ವಿಶೇಷ ಏನಾದರೂ ಇದ್ದರೆ ತಕ್ಷಣ ಹೇಳು. ವಿಶೇಷ ಇಲ್ಲದಿದ್ದರೂ ಇಷ್ಟು ಹೊತ್ತಿಗೊಮ್ಮೆ ಹೇಳಲೇಬೇಕು. ಒಂದು ಯಂತ್ರದ ಮೇಲೆ ಎಷ್ಟು ಕೆಲಸ ಬಿದ್ದಿದೆ ಅನ್ನುವ ಲೋಡ್ ಆದರೆ ಬೇಗಬೇಗ. ಅದೇ ಪ್ರೊಸೆಸರ್ ಎಷ್ಟಿವೆ ಅನ್ನುವ ಸಂಖ್ಯೆಯಾದರೆ 1200 ಸೆಕೆಂಡಿಗೊಮ್ಮೆ ಸಾಕು, ಅದೇನು ದಿನಾ ಬದಲಾಗುತ್ತಾ! ಇವೆಲ್ಲದರ ಜೊತೆ ಪ್ರತಿ 20 ಸೆಕೆಂಡಿಗೊಮ್ಮೆ ಹಾರ್ಟ್‌ಬೀಟ್, ಅಂದರೆ ಎದೆಬಡಿತ. ಮತ್ತೇನೂ ಹೇಳುವುದಿಲ್ಲ ಅದು, "ಇದ್ದೀನಿ" ಅಂತ ಅಷ್ಟೇ.

ಜಿಮೆಟಾಡ್ ಅನ್ನುವ ಇನ್ನೊಂದು ಪ್ರೋಗ್ರಾಮ್ ಈ ಕೂಗನ್ನೆಲ್ಲ 15 ಸೆಕೆಂಡಿಗೊಮ್ಮೆ ಒಟ್ಟುಮಾಡಿ ಆರ್‌ಆರ್‌ಡಿ ಕಡತಗಳಲ್ಲಿ ತುಂಬುತ್ತದೆ. ಸ್ವಿಟ್ಜರ್ಲೆಂಡಿನ ಟೋಬಿ ಓಟಿಕರ್ ಮಾಡಿದ ಚಂದದ ಉಪಾಯ ಈ ಆರ್‌ಆರ್‌ಡಿ. ಕಡತದ ಗಾತ್ರ ಎಂದೂ ಹೆಚ್ಚುವುದಿಲ್ಲ. ಹೊಸದು ಬಂದ ಹಾಗೆ ಹಳೆಯದು ಸರಾಸರಿಯಾಗಿ ಕುಗ್ಗುತ್ತಾ ಹೋಗಿ ಕೊನೆಗೆ ಅಳಿಸಿಹೋಗುತ್ತದೆ. ಹೋದ ಗಂಟೆಯದ್ದು ಕಡೆದಿಟ್ಟ ಹಾಗೆ ನೆನಪಿರುತ್ತದೆ, ಹೋದ ವರ್ಷದ್ದು ಮಸುಕು ಮಸುಕು. ನಮ್ಮ ನೆನಪೂ ಹೀಗೇ ಅಲ್ವಾ?

ಇಷ್ಟೆಲ್ಲ ಇದ್ದ ಮೇಲೆ ಜನ ನೋಡುವುದಕ್ಕೆ ಒಂದು ಪಿಎಚ್‌ಪಿ ಪುಟ ಇದೆ. ಅದೇ ತಕರಾರು. ಪುಟದ ತುಂಬ ಗ್ರಾಫ್ ಮೇಲೆ ಗ್ರಾಫ್. ಮೊಬೈಲಿನಲ್ಲಿ ತೆರೆದರೆ ಸಾಸಿವೆ ಕಾಳಿನಷ್ಟು ಅಕ್ಷರ. ಸಂಸ್ಥೆಯ ಒಳಜಾಲದಲ್ಲಿ ಮಾತ್ರ ತೆರೆಯುವುದರಿಂದ ಮನೆಗೆ ಹೋದವರಿಗೆ ಅದೂ ಇಲ್ಲ. ವಿದ್ಯಾರ್ಥಿಗಳು ದಿನಾ ಕೇಳುತ್ತಿದ್ದರು, "ಸರ್, ನಮ್ಮ ಜಾಬ್ ಓಡ್ತಿದ್ಯಾ ಅಂತ ಫೋನಲ್ಲಿ ನೋಡೋ ಹಾಗೆ ಏನಾದ್ರೂ ಮಾಡಿ." 2024ರ ಜೂನಿನಲ್ಲಿ ನನಗೆ ಹುರುಪು ಬಂತು. ಗ್ಯಾಂಗ್ಲಿಯಾಕ್ಕೆ ಒಂದು ವೆಬ್ ಎಪಿಐ ಬರೆದರೆ? ಯಾವುದೋ ವಿಳಾಸ ಕೇಳಿದರೆ ಚೊಕ್ಕವಾಗಿ ಜೇಸನ್‌ನಲ್ಲಿ ಉತ್ತರ. ಅದರ ಮೇಲೆ ಯಾರು ಬೇಕಾದರೂ ಪುಟ ಕಟ್ಟಿಕೊಳ್ಳಲಿ. ಮುಕ್ತ ತಂತ್ರಾಂಶ, ಬಿಎಸ್‌ಡಿ ಪರವಾನಗಿ. ಯಾರ ಅಪ್ಪಣೆಯೂ ಬೇಕಿಲ್ಲ.

ಕೂತು ನೋಡಿದರೆ ಕೆಲಸ ಅರ್ಧ ಆಗಲೇ ಆಗಿಬಿಟ್ಟಿತ್ತು. ಜಿಮೆಟಾಡ್ 8652ನೇ ಪೋರ್ಟಿನಲ್ಲಿ ಪ್ರಶ್ನೆಗಳಿಗೆ ಉತ್ತರ ಕೊಡುತ್ತದೆ. ಓರೆಗೆರೆ ಹಾಕಿ ಕ್ಲಸ್ಟರಿನ ಹೆಸರು, ಮತ್ತೊಂದು ಓರೆಗೆರೆ ಹಾಕಿ ಯಂತ್ರದ ಹೆಸರು ಬರೆದು ಎಂಟರ್ ಒತ್ತಿದರೆ ಆ ಯಂತ್ರದ ವಿವರ ಮಾತ್ರ ಎಕ್ಸ್‌ಎಂಎಲ್ ಆಗಿ ಬಂದು ಬೀಳುತ್ತದೆ. ನೋಡಿದರೆ ಥೇಟ್ ವೆಬ್ ವಿಳಾಸದ ಹಾಗೇ! ಎಪಿಐ ಅನ್ನುವ ಮನೆಗೆ ಅವರು ಆಗಲೇ ಗೋಡೆ ಎಬ್ಬಿಸಿ, ಬಾಗಿಲು ಕೂರಿಸುವುದೊಂದನ್ನು ನನಗೆ ಬಿಟ್ಟ ಹಾಗಿತ್ತು. ಪೈಥಾನಿನಲ್ಲಿ ಇನ್ನೂರು ಸಾಲು ಬರೆದೆ. ಬಂದ ಎಕ್ಸ್‌ಎಂಎಲ್ ಅನ್ನು ಬಿಡಿಸು, ಜೇಸನ್ ಮಾಡು, ಕೊಡು. ಪ್ರತಿ ಸಲ ಜಿಮೆಟಾಡನ್ನು ಪೀಡಿಸುವುದು ಬೇಡ ಅಂತ 30 ಸೆಕೆಂಡು ಉತ್ತರವನ್ನು ಕ್ಯಾಶಿನಲ್ಲಿ ಇಟ್ಟುಕೊಳ್ಳುವ ಏರ್ಪಾಡನ್ನೂ ಮಾಡಿದೆ. ಹಳೆಯ ಪಿಎಚ್‌ಪಿ ಪುಟದ ಗ್ರಾಫ್ ವಿಳಾಸಕ್ಕೇ ಒಂದು ಬಾಲ ಸೇರಿಸಿದರೆ ಹಿಂದಿನ ಅಂಕಿಗಳು ಜೇಸನ್ ಆಗಿ ಸಿಗುತ್ತವೆ ಅನ್ನುವುದೂ, ಇಂಗ್ಲೆಂಡಿನ ಗಾರ್ಡಿಯನ್ ಪತ್ರಿಕೆಯ ತಂತ್ರಜ್ಞರು ಎಷ್ಟೋ ವರ್ಷದ ಹಿಂದೆಯೇ ಪೈಥಾನಿನಲ್ಲೇ ಇಂಥದ್ದೇ ಎಪಿಐ ಬರೆದು ಎಲ್ಲರಿಗೂ ಬಿಟ್ಟಿದ್ದರು ಅನ್ನುವುದೂ ಗೊತ್ತಾಗಿದ್ದು ನನ್ನದೆಲ್ಲ ಬರೆದು ಮುಗಿದ ಮೇಲೆ. ಹುಡುಕಿ ನೋಡಿ ಆಮೇಲೆ ಬರೆ ಅಂತ ಬೇರೆಯವರಿಗೆ ಹೇಳುವವನು ನಾನೇ :(

ಇಲ್ಲೊಂದು ಉಪಕಥೆ, ಕನ್ನಡದಲ್ಲಿ ಕುಟ್ಟುವ ನಿಮಗೆಲ್ಲ ಇಷ್ಟವಾಗಬಹುದು. ಜಿಮೆಟ್ರಿಕ್ ಅನ್ನುವ ಆಜ್ಞೆಯಿಂದ ನಮ್ಮದೇ ಅಂಕಿಗಳನ್ನೂ ಗ್ಯಾಂಗ್ಲಿಯಾಕ್ಕೆ ಕೊಡಬಹುದು. ಸರ್ವರ್ ಕೋಣೆಯ ಉಷ್ಣತೆಯನ್ನು 'ಶಾಖ' ಅನ್ನುವ ಕನ್ನಡ ಹೆಸರಿನಲ್ಲೇ ಸೇರಿಸಿದೆ. ಪುಟದಲ್ಲಿ ಬಂದದ್ದು ತಲೆಯ ಮೇಲೆ ಕೊಂಬು, ಬಾಲದಲ್ಲಿ ಕೊಕ್ಕೆ ಇರುವ ಯಾವುದೋ ಯುರೋಪಿನ ಅಕ್ಷರಗಳ ಸಂತೆ. ನೋಡಿದರೆ ಗ್ಯಾಂಗ್ಲಿಯಾ ತನ್ನ ಎಕ್ಸ್‌ಎಂಎಲ್‌ನ ಮೊದಲ ಸಾಲಿನಲ್ಲೇ "ನಾನು ಐಎಸ್ಒ 8859-1" ಅಂತ ಘೋಷಿಸಿಕೊಂಡುಬಿಡುತ್ತದೆ. ಒಳಗೆ ಹೋದದ್ದು ಯುಟಿಎಫ್-8, ಅದರಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ ಮೂರು ಬೈಟು. ಓದುವವನು ಆ ಘೋಷಣೆ ನಂಬಿ ಒಂದೊಂದು ಬೈಟನ್ನೂ ಒಂದೊಂದು ಅಕ್ಷರ ಅಂತ ಓದಿದ. ಮೊದಲ ಸಾಲನ್ನು ತಿದ್ದಿಕೊಂಡು ಓದುವ ಹಾಗೆ ಮಾಡಿದ ಮೇಲೆ 'ಶಾಖ' ಸರಿಯಾಗಿ ಮೂಡಿತು. ಕನ್ನಡದ ಪುಟ ತೆರೆದರೆ ಬರೀ ಚೌಕ ಡಬ್ಬಿಗಳು ಕಾಣುತ್ತಿದ್ದ ಕಾಲ ಕಂಡವರಿಗೆ ನನ್ನ ಅವತ್ತಿನ ಖುಷಿ ಅರ್ಥವಾಗುತ್ತೆ.

ಸರಿ, ಈಗ ನನ್ನ ಘನಕಾರ್ಯ. ಎಕ್ಸ್‌ಎಂಎಲ್‌ನಲ್ಲಿ ಒಂದು ಅಂಕಿಯ ಜೊತೆ ಹತ್ತು ಬಾಲಂಗೋಚಿಗಳು ಬರುತ್ತವೆ. ಹೆಸರು, ಬೆಲೆ, ಮಾನ ಇವು ಸರಿ. ಆಮೇಲೆ ಟಿಎನ್, ಟಿಮ್ಯಾಕ್ಸ್, ಡಿಮ್ಯಾಕ್ಸ್, ಸ್ಲೋಪ್, ಸೋರ್ಸ್... ನನಗೆ ಇವನ್ನು ನೋಡಿದರೆ ಮೈಯೆಲ್ಲ ಉರಿ. ಚೊಕ್ಕವಾದ ಜೇಸನ್ ಅಂದಮೇಲೆ ಚೊಕ್ಕವಾಗಿರಬೇಕು. ಯಂತ್ರದ ಹೆಸರು, ಲೋಡ್, ಮೆಮೊರಿ. ಮುಗೀತು. ಉಳಿದದ್ದನ್ನೆಲ್ಲ ಕಿತ್ತು ಎಸೆದೆ. ಎಸೆದ ಸಾಲಿನ ಪಕ್ಕ "ಅನವಶ್ಯಕ" ಅಂತ ಷರಾ ಬೇರೆ ಬರೆದಿದ್ದೆ. ಆ ಷರಾ ಇವತ್ತಿಗೂ ಗಿಟ್ ಚರಿತ್ರೆಯಲ್ಲಿ ನನ್ನ ಹೆಸರಿನ ಸಮೇತ ಇದೆ.

ಎಪಿಐ ಮೇಲೆ ಒಂದು ಪುಟ್ಟ ಮೊಬೈಲ್ ಪುಟ ಕಟ್ಟಿ, ಲಾಗಿನ್ ಇಟ್ಟು ಹೊರಗಿನಿಂದಲೂ ತೆರೆಯುವಂತೆ ಮಾಡಿದೆವು. ಯಂತ್ರಕ್ಕೊಂದು ಸಾಲು, ಸಾಲಿಗೊಂದು ಹಸಿರು ಪಟ್ಟಿ. ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಕ್ಯಾಂಟೀನಿನಲ್ಲಿ ಒಬ್ಬರು ಕಾಫಿ ಕೊಡಿಸಿದರು.

ನಲವತ್ತು ಯಂತ್ರಗಳ ಪಕ್ಕ ನಮ್ಮಲ್ಲಿ ನಲವತ್ತೊಂದನೆಯದ್ದು ಒಂದಿದೆ. 32 ಪ್ರೊಸೆಸರ್ ಕೋರು, ಉಳಿದವುಗಳಿಗಿಂತ ಎಷ್ಟೋ ಪಟ್ಟು ಮೆಮೊರಿ. ಅದು ಉಳಿದವುಗಳ ಹಾಗೆ ಕ್ಯೂ ವ್ಯವಸ್ಥೆಗೆ ಸೇರಿಲ್ಲ. ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಹೆಸರು ಬರೆದು ಪಾಳಿ ಹಿಡಿಯಬೇಕು, ನೇರ ಲಾಗಿನ್ ಆಗಿ ಓಡಿಸಬೇಕು. 2024ರ ಸೆಪ್ಟೆಂಬರ್ 2ರ ಸೋಮವಾರದಿಂದ ಅದು ಜೀವಶಾಸ್ತ್ರದ ಒಬ್ಬ ಪಿಎಚ್‌ಡಿ ವಿದ್ಯಾರ್ಥಿನಿಯ ಪಾಳಿ. ಶಿರಸಿ ಕಡೆಯವರು. ಒಂದು ಗಿಡದ ಜೀನೋಮ್ ಜೋಡಿಸುತ್ತಿದ್ದರು. ಒಂದೇ ದಿನದ ಪೇಪರಿನ ನೂರು ಪ್ರತಿಗಳನ್ನು ಚಿಂದಿ ಮಾಡಿ ರಾಶಿ ಹಾಕಿ, ಆ ಚೂರುಗಳ ಅಂಚಿನ ಅಕ್ಷರಗಳನ್ನು ಹೋಲಿಸಿ ಮತ್ತೆ ಒಂದು ಪೇಪರು ಮಾಡು ಅಂದರೆ ಹೇಗೋ ಹಾಗೆ. ಚೂರುಗಳನ್ನೆಲ್ಲ ಒಟ್ಟಿಗೆ ಮೆಮೊರಿಯಲ್ಲಿ ಹರಡಿಕೊಳ್ಳಬೇಕು, ಅದಕ್ಕೇ ಆ ಯಂತ್ರವೇ ಬೇಕು. ಅವರು ಬಳಸುತ್ತಿದ್ದ ಪ್ರೋಗ್ರಾಮು ನಡುವೆ ಎಲ್ಲೂ ಉಳಿಸಿಕೊಳ್ಳುತ್ತಿರಲಿಲ್ಲ. ಒಂದೋ ಪೂರ್ತಿ, ಇಲ್ಲ ಸೊನ್ನೆ. ಎಂಟು ದಿನ ಹಿಡಿಯುವ ಅಂದಾಜು.

6ನೇ ತಾರೀಖು ಶುಕ್ರವಾರ ಗೌರಿ, ಶನಿವಾರ ಗಣೇಶ, ಆಮೇಲೆ ಭಾನುವಾರ. ಗುರುವಾರ ರಾತ್ರಿಯ ಬಸ್ಸಿಗೆ ಅರ್ಧ ಬೆಂಗಳೂರು ಖಾಲಿ. ನಾನೂ ತೀರ್ಥಹಳ್ಳಿಗೆ, ಅವರೂ ಶಿರಸಿಗೆ.

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಕಡುಬಿನ ಡಬ್ಬಿ ಹಿಡಿದು ಆಫೀಸಿಗೆ ಬಂದರೆ ಅವರು ನನ್ನ ಮೇಜಿನ ಹತ್ತಿರ ನಿಂತಿದ್ದರು.

"ಸರ್, ಆ ಮೆಷೀನಿಗೆ ಲಾಗಿನ್ ಆಗ್ತಿಲ್ಲ."

"ನೆಟ್‌ವರ್ಕ್ ಇರಬೇಕು, ಪುಟದಲ್ಲಿ ಏನು ತೋರಿಸ್ತಿದೆ?"

"ಹಸಿರೇ ಇದೆ ಸರ್. ಮೂರೂ ದಿನ ನೋಡ್ತಾನೇ ಇದ್ದೆ. ಲೋಡ್ 31.97. ಪೂಜೆ ಮಧ್ಯೆ ಕೂಡ ಒಂದ್ಸಲ ನೋಡಿದೆ, ಅಮ್ಮನ ಹತ್ರ ಬೈಸಿಕೊಂಡೆ."

32 ಕೋರಿಗೆ ಲೋಡ್ 31.97 ಅಂದರೆ ಯಂತ್ರ ಮೈಮುರಿದು ದುಡಿಯುತ್ತಿದೆ ಅಂತ. ನಾನೂ ನೋಡಿದೆ. 31.97. ಒಂದು ನಿಮಿಷ ಬಿಟ್ಟು ನೋಡಿದೆ. 31.97. ಹೊಟ್ಟೆಯಲ್ಲಿ ಏನೋ ಕಲಸಿದ ಹಾಗಾಯಿತು. ಉಸಿರಾಡುವ ಯಂತ್ರದ ಲೋಡು ಯಾವತ್ತೂ ಅಷ್ಟು ನಿಶ್ಚಲವಾಗಿರಲ್ಲ.

ಸರ್ವರ್ ಕೋಣೆಗೆ ಹೋದೆವು. ಉಳಿದ ನಲವತ್ತರ ದೀಪಗಳು ಪಿಳಿಪಿಳಿ. ಅದರ ಮುಖ ಮಾತ್ರ ಕಪ್ಪು. ಹಿಂದೆ ಹೋಗಿ ಮೂಗು ಇಟ್ಟರೆ ಸುಟ್ಟ ವಾಸನೆ, ಪವರ್ ಸಪ್ಲೈ ಹೋಗಿತ್ತು. ಹಳೆಯ ಪಿಎಚ್‌ಪಿ ಪುಟ ತೆರೆದೆ. ಯಾರೂ ನೋಡದ ಆ ಕುರೂಪಿ ಪುಟದಲ್ಲಿ ಆ ಯಂತ್ರದ ಚೌಕಕ್ಕೆ 'ಡೌನ್' ಅಂತ ಗುರುತು ಬಿದ್ದಿತ್ತು, ಗ್ರಾಫು ಶುಕ್ರವಾರ ಬೆಳಗಿನ ಜಾವ 3 ಗಂಟೆ 12 ನಿಮಿಷಕ್ಕೆ ನಿಂತು ಮುಂದೆ ಬರೀ ಬಿಳಿ. ಮೂರು ದಿನದಿಂದ ಅದು ನಿಜ ಹೇಳುತ್ತಲೇ ಇತ್ತು. ನನ್ನ ಚೊಕ್ಕ ಪುಟ ಮೂರು ದಿನದಿಂದ ಸುಳ್ಳು ಹೇಳುತ್ತಿತ್ತು. (ಯಂತ್ರ ಕೆಟ್ಟರೆ ಮಿಂಚೆ ಬರುವ ವ್ಯವಸ್ಥೆ ಇರಲಿಲ್ವಾ ಅಂತ ಕೇಳ್ತೀರಿ. ಇತ್ತು, ಕ್ಯೂನಲ್ಲಿರುವ ನಲವತ್ತಕ್ಕೆ ಮಾತ್ರ.)

ಆಗಿದ್ದು ಏನು ಅಂದರೆ, ಗ್ಯಾಂಗ್ಲಿಯಾದಲ್ಲಿ ಎಲ್ಲರೂ ಎಲ್ಲರ ಸುದ್ದಿ ಇಟ್ಟುಕೊಂಡಿರುತ್ತಾರೆ ಅಂದೆನಲ್ಲ, ಒಬ್ಬ ಸತ್ತರೂ ನೆರೆಯವರು ಅವನ ಕೊನೆಯ ಮಾತನ್ನು ಮರೆಯುವುದಿಲ್ಲ. ಕೇಳಿದವರಿಗೆಲ್ಲ ಹೇಳುತ್ತಲೇ ಇರುತ್ತಾರೆ, "31.97 ಅಂದಿದ್ದ". ಇಷ್ಟು ಹೊತ್ತಿನ ಮೇಲೆ ಮರೆತುಬಿಡು ಅಂತ ಹೇಳುವುದಕ್ಕೆ ಡಿಮ್ಯಾಕ್ಸ್ ಇದೆ. ನಮ್ಮ ಹಳೇ ಕಾನ್ಫಿಗರೇಶನ್ನಿನಲ್ಲಿ ಯಂತ್ರಗಳಿಗೆ ಅದು 0, ಅಂದರೆ ಎಂದೆಂದಿಗೂ ಮರೆಯಬೇಡ. ಆದರೆ ನೆರೆಯವರು ಸುಳ್ಳರಲ್ಲ. "31.97 ಅಂದಿದ್ದ, ಆದರೆ ಅವನು ಬಾಯಿಬಿಟ್ಟು ಇಷ್ಟು ಸೆಕೆಂಡಾಯ್ತು" ಅಂತ ಪೂರ್ತಿ ಹೇಳುತ್ತಾರೆ. ಆ ಎರಡನೆಯ ಅರ್ಧವೇ ಟಿಎನ್. ಎಷ್ಟು ಸೆಕೆಂಡಿನೊಳಗೆ ಮಾತಾಡಬೇಕಿತ್ತು ಅನ್ನುವುದು ಟಿಮ್ಯಾಕ್ಸ್. ಯಂತ್ರದ ಟಿಎನ್ ಅದರ ಟಿಮ್ಯಾಕ್ಸಿನ ನಾಲ್ಕು ಪಟ್ಟು, ಅಂದರೆ 80 ಸೆಕೆಂಡು ದಾಟಿದರೆ ಹಳೆಯ ಪುಟ ಅದನ್ನು ಸತ್ತದ್ದು ಅಂತ ಲೆಕ್ಕ ಹಾಕುತ್ತದೆ. ಅವತ್ತು ಬೆಳಿಗ್ಗೆ ನೇರವಾಗಿ 8652ಕ್ಕೆ ಕೇಳಿದಾಗ ಟಿಎನ್ ಎರಡು ಲಕ್ಷದ ಎಂಬತ್ತೊಂದು ಸಾವಿರ ಚಿಲ್ಲರೆ ಇತ್ತು. ನಾನು ಕಿತ್ತೆಸೆದು "ಅನವಶ್ಯಕ" ಅಂತ ಬರೆದದ್ದು ಅದನ್ನೇ.

ಅವರಿಗೆ ಇದನ್ನೆಲ್ಲ ವಿವರಿಸಿದೆ. ತಪ್ಪು ನನ್ನದು ಅಂತಲೂ ಹೇಳಿದೆ. ಕೂಗಾಡಿದ್ದರೆ ಚೆನ್ನಾಗಿತ್ತು. "ಶುಕ್ರವಾರವೇ ಗೊತ್ತಾಗಿದ್ರೆ ಹಬ್ಬ ಬಿಟ್ಟು ಬಂದು ಬೇರೆ ಪವರ್ ಸಪ್ಲೈಗೆ ಹೇಳಬಹುದಿತ್ತು ಸರ್" ಅಂದರು, ಅಷ್ಟೇ. ಅವರ ಪಾಳಿ ಆ ವಾರದ ಕೊನೆಗೆ ಮುಗಿಯುತ್ತಿತ್ತು. ಮುಂದಿನ ಎರಡು ವಾರ ಭೌತಶಾಸ್ತ್ರದವರದ್ದು, ಅದರ ನಂತರ ಇನ್ನೊಬ್ಬರದ್ದು. ತಿಂಗಳ ಕೊನೆಗೆ ಗೈಡಿಗೆ ಫಲಿತಾಂಶ ತೋರಿಸಬೇಕಿತ್ತು. ಸತ್ತದ್ದು ನಾಲ್ಕು ದಿನದ ಲೆಕ್ಕ, ಸುಮ್ಮನೆ ಹೋದದ್ದು ಮೂರು ದಿನ. ಕ್ಯಾಲೆಂಡರಿನಲ್ಲಿ ಅದು ಒಂದು ತಿಂಗಳಾಗಿ ಕಾಣುತ್ತಿತ್ತು.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಯಾಕೋ ಅಜ್ಜಿ ನೆನಪಾದಳು. ನಮ್ಮ ಊರಿನ ಮನೆಯ ಪಡಸಾಲೆಯಲ್ಲಿ ಹಳೆಯ ಕಾಗದಗಳನ್ನು ಚುಚ್ಚಿಡುವ ಕೊಕ್ಕೆತಂತಿ ಇತ್ತು. ನಾನು ಶಾಲೆಗೆ ಹೋಗುವ ಹೊತ್ತಿಗೆ ಹೊಸ ಕಾಗದ ಬರುವುದು ನಿಂತಿತ್ತು, ಆದರೆ ಮಳೆಗಾಲದ ಮಧ್ಯಾಹ್ನ ಅಜ್ಜಿ ನನ್ನ ಕೈಲಿ ಹಳೆಯವನ್ನೇ ಓದಿಸುತ್ತಿದ್ದಳು. ಹೆಚ್ಚಿನವು ಮುಂಬಯಿಯಲ್ಲಿ ಹೋಟೆಲಿನಲ್ಲಿದ್ದ ಚಿಕ್ಕಜ್ಜನದ್ದು. ಎಲ್ಲದರ ಶುರುವೂ ಒಂದೇ, ಉಭಯ ಕುಶಲೋಪರಿ ಸಾಂಪ್ರತ. ನಾನು ಅಲ್ಲಿಂದ ಶುರು ಮಾಡಿದರೆ ತಡೆಯುತ್ತಿದ್ದಳು, "ತಡಿಯಾ, ಮೇಲೆ ಬಲಗಡೆ ಮೂಲೇಲಿ ಎಂತ ತಾರೀಕು ಬರ್ದಿದಾನೆ, ಅದು ಓದು ಮೊದ್ಲು." ಕಾಗದ ಮೂವತ್ತು ವರ್ಷ ಹಳೆಯದು, ಚಿಕ್ಕಜ್ಜ ಎಂದೋ ತೀರಿಕೊಂಡಿದ್ದ, ಆದರೂ ತಾರೀಖು ಮೊದಲು ಬೇಕು ಅವಳಿಗೆ. ಕಾಗದ ಬರುತ್ತಿದ್ದ ಕಾಲದಲ್ಲಿ ಬಿದ್ದ ಅಭ್ಯಾಸ. ಕ್ಷೇಮ ಅಂತ ಬರೆದಿದ್ದಾನೆ ಸರಿ, ಯಾವತ್ತು ಕ್ಷೇಮವಾಗಿದ್ದ? ಮಳೆಗೆ ಘಾಟಿ ರಸ್ತೆ ಕುಸಿದರೆ ಕಾಗದ ಹದಿನೈದು ದಿನ ತಡ. ಓದು ಬಾರದ ಅಜ್ಜಿಗೆ ಗೊತ್ತಿದ್ದದ್ದು ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದ ನನಗೆ ಹೊಳೆಯಲಿಲ್ಲವಲ್ಲ ಅಂತ ಆ ಕತ್ತಲಲ್ಲಿ ನಗುವೂ ಬಂತು.

ಮಾರನೇ ದಿನ ತಿದ್ದಲು ಕೂತೆ. ಅರ್ಧ ಗಂಟೆಯ ಕೆಲಸ ಅಂದುಕೊಂಡೆ, ಕಿತ್ತ ಟಿಎನ್ ಮತ್ತೆ ಸೇರಿಸಿದರೆ ಆಯಿತು ಅಂತ. ಸೇರಿಸಿದ ಮೇಲೆ ಗೊತ್ತಾಯಿತು, ನನ್ನ 30 ಸೆಕೆಂಡಿನ ಕ್ಯಾಶಿನಲ್ಲಿ ಕೂತ ಟಿಎನ್‌ಗೂ ವಯಸ್ಸಾಗುತ್ತದೆ! "10 ಸೆಕೆಂಡಿನ ಹಿಂದೆ" ಅನ್ನುವ ಮಾತೇ 25 ಸೆಕೆಂಡು ಹಳೆಯದಾದರೆ ಅದು 35. ಎಚ್‌ಟಿಟಿಪಿಯನ್ನು ಕಟ್ಟಿದವರು ಇದನ್ನು ಎಂದೋ ಯೋಚಿಸಿದ್ದಾರೆ. ನಡುವಿನ ಕ್ಯಾಶ್ ಕೊಡುವ ಉತ್ತರದ ಜೊತೆ ಅದರ ವಯಸ್ಸನ್ನು ಸೆಕೆಂಡಿನಲ್ಲಿ ಹೇಳಲು 'ಏಜ್' ಅಂತಲೇ ಒಂದು ಹೆಡರ್ ಇದೆ. ನಾನು ಪ್ರತಿ ಉತ್ತರಕ್ಕೂ ಕ್ಯಾಶಿನಲ್ಲಿ ಕಳೆದ ಹೊತ್ತನ್ನು ಕೂಡಿಸಿ ಕೊಟ್ಟೆ. ಜಿಮೆಟಾಡೇ ಮಲಗಿದರೆ? ಮೊದಲಿನ ನನ್ನ ಎಪಿಐ ಹಳೆಯ ಕ್ಯಾಶನ್ನೇ ನಗುನಗುತ್ತಾ ಬಡಿಸುತ್ತಿತ್ತು. ಈಗ ಒಂದು ನಿಮಿಷ ಮೀರಿದರೆ 503, ನನ್ನ ಹತ್ತಿರ ಸುದ್ದಿ ಇಲ್ಲ ಅಂತ.

ಇನ್ನೊಂದು ಮಾತು. ತಾರೀಖು ಗಂಟೆ ಬರೆಯುವ ಬದಲು ಗ್ಯಾಂಗ್ಲಿಯಾದವರು "ಎಷ್ಟು ಸೆಕೆಂಡಾಯ್ತು" ಅಂತ ಯಾಕೆ ಇಟ್ಟರು ಅನ್ನುವುದೂ ಆಗ ಅರ್ಥವಾಯಿತು. ಹೇಳಿದವನ ಗಡಿಯಾರ ಹಿಂದೆ ಮುಂದೆ ಇದ್ದರೂ ಕೇಳಿಸಿಕೊಂಡವನು ತನ್ನ ಗಡಿಯಾರದಲ್ಲೇ ಎಣಿಸುವುದರಿಂದ ಲೆಕ್ಕ ತಪ್ಪುವುದಿಲ್ಲ. ಅಜ್ಜಿಯ ವಿಧಾನಕ್ಕಿಂತ ಇದು ಒಂದು ಹೆಜ್ಜೆ ಮುಂದೆ.

ದೊಡ್ಡ ಜಗಳ ಆಗಿದ್ದು ಬೇರೆಯದರ ಮೇಲೆ. ಯಂತ್ರ ಸತ್ತಿದ್ದರೆ ಎಪಿಐ ಏನು ಹೇಳಬೇಕು? 404 ಕೊಡೋಣ ಅಂದ ತಂಡದ ಒಬ್ಬ. 404 ಅಂದರೆ ಅಂಥವನು ಈ ಊರಲ್ಲೇ ಇಲ್ಲ ಅಂತ. ಇವನು ಇದ್ದಾನೆ, ಮಾತಾಡುತ್ತಿಲ್ಲ. ನಾನು ಹೇಳಿದೆ, ಲೋಡ್ 31.97 ಇರಲಿ, ಪಕ್ಕದಲ್ಲಿ ವಯಸ್ಸು ಇರಲಿ, ನೋಡುವವರು ನೋಡಿಕೊಳ್ಳುತ್ತಾರೆ. ಧಾರವಾಡದ ಹಿರಿಯರು ಅಲ್ಲಿಯವರೆಗೆ ಸುಮ್ಮನಿದ್ದವರು ಕುರ್ಚಿ ತಿರುಗಿಸಿದರು.

"ಅಂಕಿ ಕೊಟ್ಟಿ ಅಂದ್ರ ಮಂದಿ ಅಂಕಿನ ನೋಡ್ತಾರ್ ತಮ್ಮ. ಬಾಜೂಕ ನೀ ಏನ್ ಬರದೀ ಅಂತ ಯಾರ್ ನೋಡ್ತಾರ? ನೀನ ನೋಡ್ಲಿಲ್ಲ!"

ಮರುಮಾತು ಹೊಳೆಯಲಿಲ್ಲ. ಬಾಲಂಗೋಚಿ ಅಂತ ಟಿಎನ್ ಎಸೆದವನು ನಾನೇ ತಾನೆ. ನಾಳೆ ನನ್ನ ಎಪಿಐ ಬಳಸುವ ಇನ್ಯಾರೋ ಹುಡುಗ ಅದನ್ನೇ ಮಾಡುತ್ತಾನೆ. ಕೊನೆಗೆ ಹೀಗೆ ಮಾಡಿದೆವು: ಯಂತ್ರದ ಎದೆಬಡಿತ ನಿಂತಿದ್ದರೆ ಲೋಡ್ ಅನ್ನುವ ಜಾಗದಲ್ಲಿ ನಲ್, ಅಂದರೆ ಖಾಲಿ. ಕೊನೆಯ ಅಂಕಿ ಬೇಕೇ ಬೇಕು ಅನ್ನುವವರಿಗೆ ಬೇರೆಯದೇ ಹೆಸರಿನಲ್ಲಿ, 'ಕೊನೆಗೆ ಕೇಳಿದ್ದು' ಅನ್ನುವ ಅರ್ಥ ಬರುವಂತೆ, ವಯಸ್ಸಿನ ಸಮೇತ. ಪ್ರೊಸೆಸರ್ ಸಂಖ್ಯೆಯಂಥದ್ದಕ್ಕೆ ಅದರದರ ಟಿಮ್ಯಾಕ್ಸ್ ನೋಡಬೇಕು, ಅದು ಹದಿನೈದು ನಿಮಿಷ ಸುಮ್ಮನಿದ್ದರೂ ಗಾಬರಿಯಿಲ್ಲ. ಆಮೇಲೆ ಓದಿದೆ, ಪ್ರೊಮಿಥಿಯಸ್‌ನವರೂ ಇದೇ ಗಂಟಿನ ಜೊತೆ ಗುದ್ದಾಡಿದ್ದಾರೆ. 2017ರಲ್ಲಿ ಬಂದ ಅದರ ಎರಡನೇ ಆವೃತ್ತಿಯಲ್ಲಿ, ಒಂದು ಅಂಕಿ ಬರುವುದು ನಿಂತಿತು ಅಂತ ಸಾರುವುದಕ್ಕೇ ವಿಶೇಷ ಗುರುತು ಹಾಕುವ ಏರ್ಪಾಡು ಸೇರಿಸಿದರು. ನಾನು ಒಬ್ಬನೇ ಪೆದ್ದನಲ್ಲ ಅಂತ ಸ್ವಲ್ಪ ಸಮಾಧಾನವಾಯಿತು.

ಕೋಡು ತಿದ್ದಿದರೆ ಕ್ಯಾಲೆಂಡರು ತಿದ್ದಿದಂತಾಗಲಿಲ್ಲವಲ್ಲ. ಭೌತಶಾಸ್ತ್ರದವರ ಹತ್ತಿರ ನಾನೇ ಹೋದೆ. ಪಾಳಿ ಹಿಡಿದಿದ್ದವರು ಒಬ್ಬ ಬಂಗಾಳಿ ಪೋಸ್ಟ್‌ಡಾಕ್. ನಡೆದದ್ದನ್ನು ನಡೆದ ಹಾಗೆ ಹೇಳಿದೆ, ನನ್ನ ಷರಾ ಸಮೇತ. ಆತ ನಕ್ಕು, ಆಮೇಲೆ ನಗು ನಿಲ್ಲಿಸಿ, ತನಗಿದ್ದ ಎರಡು ವಾರದಲ್ಲಿ ಹತ್ತು ದಿನ ಬಿಟ್ಟುಕೊಟ್ಟರು. ಉಳಿದ ನಾಲ್ಕು ದಿನದಲ್ಲಿ ತನ್ನದನ್ನು ಮುಗಿಸಿಕೊಳ್ಳುತ್ತೇನೆ ಅಂದರು. ಅವರಿಗೆ ನಾನು ಇನ್ನೂ ಒಂದು ಕಾಫಿಗಿಂತ ದೊಡ್ಡದೇನೋ ಬಾಕಿ ಇದ್ದೇನೆ. ಹೊಸ ಪವರ್ ಸಪ್ಲೈ ಬಂದಿದ್ದು ಗುರುವಾರ. ನಲವತ್ತೊಂದನೆಯದ್ದನ್ನು ಮಿಂಚೆಯ ಪಟ್ಟಿಗೂ ಸೇರಿಸಿದ್ದಾಯಿತು. ಜೋಡಣೆ ಮತ್ತೆ ಮೊದಲಿನಿಂದ ಶುರುವಾಯಿತು.

ಪುಟದಲ್ಲಿ ಈಗ ಹಸಿರು ಪಟ್ಟಿಯ ಪಕ್ಕ ಸಣ್ಣ ಅಕ್ಷರದಲ್ಲಿ ವಯಸ್ಸು ಬರುತ್ತದೆ, 7 ಸೆಕೆಂಡಿನ ಹಿಂದೆ, 12 ಸೆಕೆಂಡಿನ ಹಿಂದೆ. ಚೊಕ್ಕತನ ಹೋಯಿತು. ಒಬ್ಬರು ಬಂದು "ಇದೇನು ಸರ್, ಅಂಕಿ ಕುಣಿತಾನೇ ಇರುತ್ತೆ, ಕಣ್ಣಿಗೆ ಹಿಂಸೆ, ತೆಗೀಬಹುದಾ" ಅಂತ ಕೇಳಿದರು. ಆಗಲ್ಲ ಅಂದೆ.

ಎಂಟನೇ ದಿನ ರಾತ್ರಿ ಹನ್ನೊಂದಕ್ಕೆ ಆ ವಿದ್ಯಾರ್ಥಿನಿಯಿಂದ ಒಂದು ಮೆಸೇಜು, ಪುಟದ ಚಿತ್ರದ ಜೊತೆ. ಲೋಡ್ 0.04, 9 ಸೆಕೆಂಡಿನ ಹಿಂದೆ. ಕೆಳಗೆ "ಸರ್, ಮುಗೀತು ಅನ್ಸುತ್ತೆ. ಈಗ ನಂಬಬಹುದಾ?" ಅಂತ.

ನಂಬಬಹುದು ಅಂತ ಟೈಪ್ ಮಾಡಿದೆ. ಕಳಿಸಲಿಲ್ಲ. ಲ್ಯಾಪ್‌ಟಾಪ್ ತೆಗೆದು, ಆ ಯಂತ್ರಕ್ಕೆ ಲಾಗಿನ್ ಆಗಿ, ಕಡತ ಬಂದಿದೆಯಾ, ಗಾತ್ರ ಎಷ್ಟಿದೆ ಅಂತ ಕಣ್ಣಾರೆ ನೋಡಿ, ಆಮೇಲೆ ಕಳಿಸಿದೆ.